ದಂಡನಾಯಕರ ಟಪಾಲು

ಯುದ್ಧದ ಪುಸ್ತಕ ಕೈಗೆ ಸಿಕ್ಕರೆ ನಾನು ಮೊದಲು ಮಾಡುವ ಕೆಲಸ ನಕಾಶೆಯ ಪುಟಗಳನ್ನು ದಾಟಿಬಿಡುವುದು. ಕೆಂಪು ಬಾಣ, ನೀಲಿ ಬಾಣ, ಎಡಪಾರ್ಶ್ವ, ಬಲಪಾರ್ಶ್ವ ಇವೆಲ್ಲ ನನ್ನ ತಲೆಗೆ ಹತ್ತಿದ್ದೇ ಇಲ್ಲ. ದೀಪಾವಳಿಯಲ್ಲಿ ಪಕ್ಕದ ಮನೆಯ ಹುಡುಗ ಆಟಂಬಾಂಬಿಗೆ ಊದಿನಕಡ್ಡಿ ಹಿಡಿದರೆ ಕಿವಿ ಮುಚ್ಚಿಕೊಂಡು ಒಳಕ್ಕೆ ಓಡುವ ಜೀವ ನನ್ನದು. ಫಿರಂಗಿಯ ವರ್ಣನೆ ಬಂದರೂ ಅದೇ ಗತಿ. ನನಗೆ ಬೇಕಾದದ್ದು ಸಾಮಾನ್ಯವಾಗಿ ಪುಸ್ತಕದ ಹಿಂಭಾಗದಲ್ಲಿ, ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ: ಸೇನಾಪತಿಗಳು ಒಬ್ಬರಿಗೊಬ್ಬರು ಬರೆದ ಪತ್ರಗಳು.

ಇನ್ನೊಬ್ಬರ ಪತ್ರ ಓದಬಾರದೆಂದು ಚಿಕ್ಕಂದಿನಲ್ಲಿ ಮನೆಯಲ್ಲಿ ಗದರಿಸಿಯೇ ಹೇಳಿಕೊಟ್ಟಿದ್ದರು. ಆದರೆ ಬರೆದವರೂ ಓದಿದವರೂ ತೀರಿಕೊಂಡು ನೂರು ವರ್ಷ ದಾಟಿದ ಮೇಲೆ, ಅದೂ ಸರಕಾರವೇ ಮುಂದೆ ನಿಂತು ಅಚ್ಚು ಹಾಕಿಸಿದ ಮೇಲೆ, ಆ ನಿಯಮ ಸಡಿಲವಾಗುತ್ತದೆ ಎಂದು ನನ್ನ ವಾದ. ಅಮೆರಿಕದ ಸರಕಾರ ತನ್ನ ಅಂತರ್ಯುದ್ಧದ ಕಾಗದಪತ್ರಗಳನ್ನು 1880ರಿಂದ 1901ರವರೆಗೆ ಕೂತು 128 ದಪ್ಪ ಪುಸ್ತಕಗಳಲ್ಲಿ ಪ್ರಕಟಿಸಿತು. ಇಷ್ಟು ಧಾರಾಳವಾಗಿ ಬಾಗಿಲು ತೆರೆದಿಟ್ಟಿರುವಾಗ ಹೊರಗೇ ನಿಲ್ಲುವುದು ಸಭ್ಯತೆಯಲ್ಲ.

ಇಂಥ ಪತ್ರಗಳಲ್ಲಿ ವೀರರಸವನ್ನು ಹುಡುಕಿಕೊಂಡು ಹೋದವರಿಗೆ ನಿರಾಶೆ ಕಾದಿರುತ್ತದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ದಂಡಿನ ಅಧಿಪತಿಯಾಗಿದ್ದ ಆರ್ಥರ್ ವೆಲ್ಲೆಸ್ಲಿಯನ್ನೇ ತೆಗೆದುಕೊಳ್ಳಿ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿಕೊಂಡು ವಾಟರ್ಲೂ ಗೆದ್ದವನು ಇವನೇ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ ಪುಣೆಯಲ್ಲಿದ್ದ ಬ್ಯಾರಿ ಕ್ಲೋಸ್‌ಗೆ, ಕಾಯಿಲೆ ಬಿದ್ದು ಹಿಂದಿರುಗಿದ್ದ ಜಾನ್ ಮಾಲ್ಕಂಗೆ ಒಂದೇ ಸಮನೆ ಬರೆದ. ಏನು ಬರೆದ? ಎತ್ತು, ಅಕ್ಕಿ, ಹೊಳೆ ದಾಟಲು ಬೇಕಾದ ಹರಿಗೋಲು. ನಮ್ಮ ಅಮೃತ ಮಹಲ್ ಎತ್ತುಗಳ ಬೆಲೆ ಆತನಿಗೆ ಚೆನ್ನಾಗಿ ಗೊತ್ತಿತ್ತು. ಅರ್ಧ ಯುದ್ಧ ಗಂಟಲಿನದು, ಗೊರಸಿನದು. ಉಳಿದ ಅರ್ಧ ಮಾತ್ರ ಕತ್ತಿಯದು. ದಂಡಿನ ಟಪಾಲು ಓದಿದವರಿಗೆ ಇದು ಮೊದಲ ಪಾಠ.

ಎರಡನೆಯ ಪಾಠ ಕಲಿಯುವುದಕ್ಕೆ ಮಾತ್ರ ಅಮೆರಿಕಕ್ಕೇ ಹೋಗಬೇಕು. ಯುಲಿಸಿಸ್ ಗ್ರಾಂಟ್ ಮತ್ತು ವಿಲಿಯಂ ಟೆಕಮ್ಸೆ ಶರ್ಮನ್ ಎಂಬ, ಉತ್ತರದ ಪಕ್ಷದ ಇಬ್ಬರು ಜನರಲ್‌ಗಳು ಯುದ್ಧಕಾಲದಲ್ಲಿ ಬರೆದುಕೊಂಡ ಪತ್ರಗಳಷ್ಟು ಹಿತವಾದದ್ದನ್ನು ಆ ಯುದ್ಧದ ಕಡತಗಳಲ್ಲಿ ನಾನು ಬೇರೆ ಕಂಡಿಲ್ಲ.

ಇಬ್ಬರೂ ಒಹಾಯೋದವರು; ಶರ್ಮನ್ ಎರಡು ವರ್ಷಕ್ಕೆ ದೊಡ್ಡವನು. ಇಬ್ಬರೂ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಓದಿದವರು. ಇಬ್ಬರೂ ಸೈನ್ಯ ಬಿಟ್ಟು ಹೊರಗೆ ಬಂದು ಕೈಹಾಕಿದ ಕಡೆಯಲ್ಲೆಲ್ಲ ಸೋತವರು. ಗ್ರಾಂಟ್ ಸೇಂಟ್ ಲೂಯಿಸ್ ಹತ್ತಿರ ಬೇಸಾಯ ಮಾಡಿದ, ಸೌದೆ ಮಾರಿದ, ಯಾವುದೂ ಹತ್ತದೆ 1860ರಲ್ಲಿ ಗಲೀನಾ ಎಂಬ ಊರಿನಲ್ಲಿ ಅಪ್ಪನ ಚರ್ಮದ ಅಂಗಡಿ ಸೇರಿದ. ಅಲ್ಲಿ ಯಜಮಾನಿಕೆ ತಮ್ಮಂದಿರದು. ಶರ್ಮನ್ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬ್ಯಾಂಕು ನಡೆಸಿದ, ಅದು ಮುಚ್ಚಿತು. ಕಾನ್ಸಸ್‌ನಲ್ಲಿ ವಕೀಲಿ ಮಾಡಿದ, ಅದು ನಡೆಯಲಿಲ್ಲ. ಸ್ವಭಾವದಲ್ಲಿ ಮಾತ್ರ ಇಬ್ಬರೂ ಉತ್ತರ ದಕ್ಷಿಣ. ಗ್ರಾಂಟ್ ಬಾಯಿಬಿಟ್ಟರೆ ಮುತ್ತು ಉದುರೀತು ಎನ್ನುವವನು. ಶರ್ಮನ್‌ನದು ನಿಲ್ಲದ ಮಾತು, ನಿಲ್ಲದ ಕೈ, ನಿಲ್ಲದ ಕಾಲು. ಸಿಗಾರ್ ಒಂದರಲ್ಲಿ ಮಾತ್ರ ಇಬ್ಬರಿಗೂ ಭೇದವಿರಲಿಲ್ಲ.

ಯುದ್ಧ ಶುರುವಾದ ಮೊದಲ ವರ್ಷ ಪತ್ರಿಕೆಗಳು ಇಬ್ಬರಿಗೂ ಒಂದೊಂದು ಬಿರುದು ಕೊಟ್ಟವು. ಕೆಂಟಕಿಯಲ್ಲಿದ್ದ ಶರ್ಮನ್, ಈ ಕಡೆಯ ಯುದ್ಧ ಗೆಲ್ಲಬೇಕಾದರೆ 2 ಲಕ್ಷ ಜನ ಬೇಕು ಎಂದ. ಅಷ್ಟು ಜನ ಬೇಕೆನ್ನುವವನಿಗೆ ತಲೆ ಕೆಟ್ಟಿದೆ ಎಂದು ಸಿನ್ಸಿನಾಟಿಯ ಪತ್ರಿಕೆಯೊಂದು 1861ರ ಡಿಸೆಂಬರಿನಲ್ಲಿ ದೊಡ್ಡಕ್ಷರದಲ್ಲಿ ಅಚ್ಚು ಹಾಕಿತು. ಯುದ್ಧ ಮುಗಿಯುವ ಹೊತ್ತಿಗೆ ಆ ಲೆಕ್ಕವೇ ಕಡಿಮೆಯಾಯಿತೆಂಬುದು ಬೇರೆ ಮಾತು. ಗ್ರಾಂಟ್‌ಗಂತೂ ಕುಡುಕನೆಂಬ ಹೆಸರು ಹಳೆಯದು. ಹೀಗೆ ಒಬ್ಬ ಹುಚ್ಚ, ಇನ್ನೊಬ್ಬ ಕುಡುಕ ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಇವರ ಟಪಾಲು ಆರಂಭವಾಯಿತು.

1862ರ ಫೆಬ್ರವರಿ. ಗ್ರಾಂಟ್ ಕಂಬರ್ಲೆಂಡ್ ನದಿಯ ದಡದ ಡೊನೆಲ್ಸನ್ ಕೋಟೆಗೆ ಮುತ್ತಿಗೆ ಹಾಕಿದ್ದ. ಶರ್ಮನ್ ಕೆಳಗೆ ಪಡೂಕಾ ಎಂಬ ನದೀಬಂದರಿನಲ್ಲಿ ಕುಳಿತು ಜನವನ್ನೂ ಸಾಮಾನನ್ನೂ ಕಳಿಸುವ ಕೆಲಸದಲ್ಲಿದ್ದ. ದರ್ಜೆಯಲ್ಲಿ ಆಗ ಶರ್ಮನ್‌ನೇ ಹಿರಿಯ. ಆದರೂ ಮೇಲಕ್ಕೆ ಹೊರಟ ಪ್ರತಿ ದೋಣಿಯಲ್ಲೂ ಅವನದೊಂದು ಚೀಟಿ: ಧೈರ್ಯವಾಗಿರಿ, ಏನು ಬೇಕಾದರೂ ಕೇಳಿ, ರಣರಂಗಕ್ಕೇ ಬಾ ಎಂದರೆ ಹಿರಿತನವನ್ನು ಪಕ್ಕಕ್ಕಿಟ್ಟು ನಿಮ್ಮ ಕೈಕೆಳಗೆ ಬರುತ್ತೇನೆ. ಯಾವ ಕಚೇರಿಯಲ್ಲಾದರೂ ಒಂದೆರಡು ವರ್ಷ ಕೆಲಸ ಮಾಡಿದವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಸೀನಿಯಾರಿಟಿ ಪಟ್ಟಿಯಲ್ಲಿ ಒಂದು ಸಾಲು ಮೇಲೋ ಕೆಳಗೋ ಎಂಬುದಕ್ಕೆ ಕೋರ್ಟಿಗೆ ಹೋದವರನ್ನು ನಾನು ಬಲ್ಲೆ.

ಆ ಉಪಕಾರದ ಸಾಲ ಬೇಗನೆ ಬೆಳೆಯಿತು. ಏಪ್ರಿಲಿನಲ್ಲಿ ಶೈಲೋ ಎಂಬಲ್ಲಿ ಎರಡು ದಿನ ಘೋರ ಕಾಳಗ. ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು 23 ಸಾವಿರಕ್ಕೂ ಮೇಲೆ. ಗೆದ್ದದ್ದು ಗ್ರಾಂಟ್, ಆದರೆ ನಷ್ಟ ಕಂಡು ದೇಶ ಬೆಚ್ಚಿತು, ಬೈಗುಳವೆಲ್ಲ ಅವನ ಪಾಲಿಗೆ ಬಂತು. ಮೇಲಧಿಕಾರಿ ಹ್ಯಾಲೆಕ್ ತಾನೇ ಬಂದು ಸೈನ್ಯದ ಉಸ್ತುವಾರಿ ವಹಿಸಿ, ಗ್ರಾಂಟ್‌ನನ್ನು ಹೆಸರಿಗೆ ಮಾತ್ರ ಎರಡನೆಯವನನ್ನಾಗಿಸಿ ಮೂಲೆಗೆ ಕೂರಿಸಿದ. ಬೇಸತ್ತ ಗ್ರಾಂಟ್ ಗಂಟುಮೂಟೆ ಕಟ್ಟಿ ಹೊರಟಿದ್ದಾಗ ಶರ್ಮನ್ ಓಡಿಬಂದು ತಡೆದ. ಉಳಿಯುತ್ತೇನೆ ಎಂದು ಗ್ರಾಂಟ್ ಆಮೇಲೆ ಚೀಟಿ ಕಳಿಸಿದ್ದಕ್ಕೆ ಜೂನ್ 6ರಂದು ಶರ್ಮನ್ ಕೊಟ್ಟ ಉತ್ತರ ಸಣ್ಣದು: ಒಳ್ಳೆಯದಾಯಿತು, ಸೈನ್ಯ ನಡೆಯುತ್ತಿರುವಾಗ ನೀವು ಮನೆಯಲ್ಲಿ ಒಂದು ವಾರ ಕೂಡ ಸುಮ್ಮನೆ ಕೂರುತ್ತಿರಲಿಲ್ಲ, ಅನ್ಯಾಯವಾಯಿತೆಂಬ ಕೊರಗು ಅಲ್ಲಿಯೂ ನಿಮ್ಮನ್ನು ಬಿಡುತ್ತಿರಲಿಲ್ಲ. ‘ನಿಮ್ಮಂಥವರು ದೇಶಕ್ಕೆ ಬೇಕು’ ಎಂಬ ಧಾಟಿಯ ಸಮಾಧಾನವಲ್ಲ ಇದು. ಎದುರಿನವನ ಒಳಗನ್ನು ಅವನಿಗಿಂತ ಚೆನ್ನಾಗಿ ಬಲ್ಲವನು ಮಾತ್ರ ಬರೆಯಬಹುದಾದ ಸಾಲು.

ಸ್ನೇಹವೆಂದರೆ ಎಲ್ಲಕ್ಕೂ ಹೂಂಗುಟ್ಟುವುದೆಂದು ಇವರು ತಿಳಿದಿರಲಿಲ್ಲ. 1863ರ ಏಪ್ರಿಲಿನಲ್ಲಿ, ಮಿಸಿಸಿಪ್ಪಿಯ ಎತ್ತರದ ದಂಡೆಯ ಮೇಲೆ ಕುಳಿತಿದ್ದ ವಿಕ್ಸ್‌ಬರ್ಗ್ ಕೋಟೆಯನ್ನು ಹಿಡಿಯಲು ಗ್ರಾಂಟ್ ಹಾಕಿದ್ದ ಹಂಚಿಕೆ ಶರ್ಮನ್‌ಗೆ ಸ್ವಲ್ಪವೂ ಹಿಡಿಸಲಿಲ್ಲ. ಸಾಮಗ್ರಿಯ ದಾರಿ ಬಿಟ್ಟು ಶತ್ರುವಿನ ಒಳನಾಡಿಗೆ ನುಗ್ಗುವುದು ಪುಸ್ತಕಗಳು ಹೇಳುವ ಕ್ರಮವಲ್ಲ. ಅದನ್ನೆಲ್ಲ ಬರವಣಿಗೆಯಲ್ಲೇ ತಿಳಿಸಿದ. ಗ್ರಾಂಟ್ ಓದಿದ, ಇಟ್ಟುಕೊಂಡ, ತನ್ನ ದಾರಿ ಹಿಡಿದ. ಶರ್ಮನ್ ವಿರೋಧಿಸಿದ್ದ ಎಂಬುದನ್ನು ಯಾರಿಗೂ ಹೇಳಲಿಲ್ಲ. ಮೇ ತಿಂಗಳಲ್ಲಿ ಕೋಟೆ ಸುತ್ತುವರಿದು ಗೆಲುವು ಖಚಿತವಾದಾಗ ಇಲಿನಾಯ್‌ನ ಗವರ್ನರ್ ಮೊದಲಾದವರು ನೋಡಲು ಬಂದರು. ಅವರ ಮುಂದೆ ಶರ್ಮನ್ ತಾನಾಗಿಯೇ ಬಾಯಿಬಿಟ್ಟ: ಈ ಕಾರ್ಯಾಚರಣೆಯ ಕೀರ್ತಿಯೆಲ್ಲ ಗ್ರಾಂಟ್‌ನದು, ನಾನು ಬೇಡವೆಂದು ಪತ್ರ ಬರೆದವನು. ಅವನೇ ಹಾಗೆ ಹೇಳಿಕೊಂಡಿರದಿದ್ದರೆ ಆ ವಿರೋಧದ ಸುದ್ದಿ ಯಾರ ಕಿವಿಗೂ ಬೀಳುತ್ತಿರಲಿಲ್ಲ ಎಂದು ಗ್ರಾಂಟ್ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದ. ಗೆದ್ದ ಮೇಲೆ ‘ನಾನು ಆಗಲೇ ಹೇಳಿದ್ದೆ’ ಎನ್ನುವ ಸಲಹೆಗಾರರನ್ನು ಎಲ್ಲೆಲ್ಲೂ ನೋಡುತ್ತೇವೆ. ಗೆದ್ದ ಮೇಲೆ ‘ನಾನು ಬೇಡವೆಂದಿದ್ದೆ’ ಎಂದು ಡಂಗುರ ಹೊಡೆದುಕೊಂಡವನು ಇವನೊಬ್ಬನೇ ಇರಬೇಕು.

ಜುಲೈ 4ರಂದು ವಿಕ್ಸ್‌ಬರ್ಗ್ ಶರಣಾಯಿತು. ಹೊರಗಿನ ಸಾಲಿನಲ್ಲಿ ದಕ್ಷಿಣದ ಸೇನಾಪತಿ ಜಾನ್‌ಸ್ಟನ್‌ನ ಸೈನ್ಯವನ್ನು ಕಾಯುತ್ತಿದ್ದ ಶರ್ಮನ್ ಅದೇ ದಿನ ಬರೆದ ಪತ್ರದಲ್ಲಿ ಸಂತೋಷ ತುಳುಕುತ್ತದೆ. ಆದರೆ ಸಂತೋಷದ ನಡುವೆಯೇ ಎಚ್ಚರಿಕೆ: ಇನ್ನು ಮೇಲೆ ನಾಡಿನ ಈ ತುದಿಯಿಂದ ಆ ತುದಿಯವರೆಗೆ ನಿಮಗೆ ಹೊಗಳಿಕೆಯ ಧೂಪ ಹಾಕುತ್ತಾರೆ, ಹುಷಾರಾಗಿರಿ. ಅಭಿನಂದನೆಯ ಪತ್ರದಲ್ಲಿ ಇಂಥ ಕಹಿಗುಳಿಗೆ ಇಡುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಇಟ್ಟರೂ ಸ್ನೇಹ ಉಳಿಯುವುದು ಅಪರೂಪ.

ಈ ಟಪಾಲಿನ ಶಿಖರ 1864ರ ಮಾರ್ಚಿನ ಒಂದು ಜೊತೆ ಪತ್ರಗಳು. ಲೆಫ್ಟಿನೆಂಟ್ ಜನರಲ್ ಎಂಬ, ಹಿಂದೆ ಜಾರ್ಜ್ ವಾಷಿಂಗ್ಟನ್‌ಗೆ ಸಂದಿದ್ದ ದರ್ಜೆಯನ್ನು ಸಂಸತ್ತು ಮತ್ತೆ ಜೀವಂತಗೊಳಿಸಿ ಗ್ರಾಂಟ್‌ನ ಹೆಸರನ್ನು ಎತ್ತಿಕೊಂಡಿತ್ತು. ಕೂಡಲೇ ರಾಜಧಾನಿಗೆ ಬಾ ಎಂದು ಆಜ್ಞೆ. ಮರುದಿನ ಬೆಳಗ್ಗೆ ಹೊರಡಬೇಕು. ಮಾರ್ಚ್ 4ರಂದು ನ್ಯಾಶ್‌ವಿಲ್‌ನಲ್ಲಿ ಕುಳಿತು ಗ್ರಾಂಟ್ ಮೊದಲು ಈ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ಮುಗಿಸುತ್ತಾನೆ. ಆಮೇಲೆ, ನಾನು ಬರೆಯಲು ಹೊರಟದ್ದು ಇದನ್ನಲ್ಲ ಎನ್ನುತ್ತಾನೆ. ಬರೆಯಲು ಹೊರಟದ್ದು ಇಷ್ಟು: ನನಗೆ ಸಿಕ್ಕ ಗೆಲುವಿಗೆಲ್ಲ ನಾನು ಉಳಿದೆಲ್ಲರಿಗಿಂತ ಹೆಚ್ಚಾಗಿ ಋಣಿಯಾಗಿರುವುದು ನಿಮಗೆ ಮತ್ತು ಮ್ಯಾಕ್‌ಫರ್ಸನ್‌ಗೆ (ಇವರಿಬ್ಬರ ಜೊತೆಗಾರನಾದ ಇನ್ನೊಬ್ಬ ಜನರಲ್). ನಿಮ್ಮ ಸಲಹೆ ಎಷ್ಟು ಉಪಯೋಗಕ್ಕೆ ಬಂತೆಂಬುದು ನಿಮಗೆ ಗೊತ್ತು. ಆದರೆ ಒಪ್ಪಿಸಿದ ಕೆಲಸವನ್ನು ನೀವು ಮಾಡಿಮುಗಿಸಿದ ಬಗೆಯಿಂದ ನನಗೆ ಬಂದ ಈ ಮರ್ಯಾದೆಯಲ್ಲಿ ನಿಮ್ಮ ಪಾಲೆಷ್ಟು ಎಂಬುದು ನನಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರಲಾರದು. ಮ್ಯಾಕ್‌ಫರ್ಸನ್‌ಗೂ ಬೇರೆ ಬರೆಯಬೇಕು. ಬೆಳಗ್ಗೆ ಹೊರಡುವುದರಿಂದ ಪುರುಸೊತ್ತಿಲ್ಲ. ಇದನ್ನೇ ಅವನಿಗೂ ಬರೆದದ್ದೆಂದು ತಿಳಿಯಿರಿ.

ಬಡ್ತಿಯ ಆಜ್ಞೆ ಬಂದ ರಾತ್ರಿ ನಾವು ನೀವಾದರೆ ಏನು ಮಾಡುತ್ತೇವೆ? ಪೆಟ್ಟಿಗೆ ಕಟ್ಟುತ್ತೇವೆ, ಹೊಸ ಕೋಟು ಇಸ್ತ್ರಿಯಾಗಿದೆಯೇ ನೋಡುತ್ತೇವೆ. ಇವನು ಪಾಲುದಾರರ ಲೆಕ್ಕ ಚುಕ್ತಾ ಮಾಡಲು ಕುಳಿತ.

ಮೆಂಫಿಸ್ ಹತ್ತಿರ ಶರ್ಮನ್‌ಗೆ ಈ ಪತ್ರ ಸಿಕ್ಕಿತು. ಮಾರ್ಚ್ 10ರ ಅವನ ಉತ್ತರ ಉದ್ದವಾಗಿದೆ, ಶರ್ಮನ್ ಅಲ್ಲವೇ? ನೀವು ನಮಗೆ ಹೆಚ್ಚು ಮಾನ ಕೊಟ್ಟು ನಿಮಗೇ ಅನ್ಯಾಯ ಮಾಡಿಕೊಂಡಿದ್ದೀರಿ ಎಂದು ಶುರು. ನೀವೀಗ ವಾಷಿಂಗ್ಟನ್‌ನ ಉತ್ತರಾಧಿಕಾರಿ. ಅಪಾಯಕರವಾದಷ್ಟು ಎತ್ತರಕ್ಕೆ ಏರಿದ್ದೀರಿ. ಈವರೆಗಿನಂತೆ ಸರಳವಾಗಿ ನೀವು ನೀವಾಗಿಯೇ ಇದ್ದರೆ ಗೆಳೆಯರ ಪ್ರೀತಿ ಕೊನೆತನಕ ಉಳಿಯುತ್ತದೆ. ಆಮೇಲೆ ಗ್ರಾಂಟ್‌ನ ಗುಣದ ವಿಚಾರ: ಭಕ್ತನಿಗೆ ದೇವರಲ್ಲಿ ಇರುವಂಥ ನಂಬಿಕೆ ನಿಮಗೆ ಗೆಲುವಿನಲ್ಲಿದೆ; ತಯಾರಿ ಮುಗಿದ ಮೇಲೆ ಅನುಮಾನವಿಲ್ಲದೆ ಯುದ್ಧಕ್ಕೆ ಇಳಿಯುತ್ತೀರಿ. ನಾನು ಎಲ್ಲೇ ಇರಲಿ, ನನ್ನ ನೆನಪು ನಿಮಗಿದೆಯೆಂದು ಗೊತ್ತಿತ್ತು. ನಾನು ಇಕ್ಕಟ್ಟಿಗೆ ಸಿಕ್ಕಿಕೊಂಡರೆ, ಜೀವಂತವಿದ್ದರೆ, ನೀವು ಬಂದೇ ಬರುತ್ತೀರೆಂದೂ ಗೊತ್ತಿತ್ತು.

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಒಳ್ಳೆಯ ಪತ್ರವಾಗುತ್ತಿತ್ತು. ಮುಂದಿನ ಸಾಲು ಅದನ್ನು ಸ್ನೇಹದ ಪತ್ರ ಮಾಡಿತು. ನನಗಿದ್ದ ಒಂದೇ ಶಂಕೆ, ಯುದ್ಧಶಾಸ್ತ್ರ, ಇತಿಹಾಸ ಮೊದಲಾದ ಪುಸ್ತಕದ ವಿದ್ಯೆ ನಿಮಗೆಷ್ಟು ಬರುತ್ತದೆಂಬುದು. ನಿಮ್ಮ ವ್ಯವಹಾರಜ್ಞಾನ ಆ ಕೊರತೆ ತುಂಬಿದಂತೆ ಕಾಣುತ್ತದೆ! ಇಡೀ ದೇಶದ ಸೈನ್ಯಗಳಿಗೆ ಒಡೆಯನಾಗಲು ಹೊರಟವನಿಗೆ, ನಿಮಗೆ ಓದು ಸಾಲದೆಂದು ಅನುಮಾನವಿತ್ತು ಎಂದು ಬರೆಯಬೇಕಾದರೆ ಎಂಥ ಸಲಿಗೆ ಇರಬೇಕು! ಕೊನೆಗೆ ಒಂದು ಅಂಗಲಾಚಿಕೆ: ದೇವರಾಣೆ, ದೇಶದಾಣೆ, ಆ ವಾಷಿಂಗ್ಟನ್ ನಗರದಲ್ಲಿ ಮಾತ್ರ ನಿಲ್ಲಬೇಡಿ, ಅಲ್ಲಿಯ ಒಳಸಂಚುಗಳನ್ನು ಹ್ಯಾಲೆಕ್ ನಿಮಗಿಂತ ಚೆನ್ನಾಗಿ ತಾಳಿಕೊಳ್ಳಬಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಗ್ರಾಂಟ್ ಪಶ್ಚಿಮಕ್ಕೆ ಮರಳಲಿಲ್ಲ. ರಾಜಧಾನಿಯಲ್ಲೂ ನಿಲ್ಲದೆ, ವರ್ಜೀನಿಯಾದಲ್ಲಿ ದಕ್ಷಿಣದ ಇನ್ನೊಬ್ಬ ಸೇನಾಪತಿ ಲೀಯ ಸೈನ್ಯಕ್ಕೆ ಎದುರಾಗಿ ಡೇರೆ ಹೊಡೆದ. ಪಶ್ಚಿಮವನ್ನು ಶರ್ಮನ್‌ಗೆ ಒಪ್ಪಿಸಿದ. ಏಪ್ರಿಲ್ 4ರಂದು ಖಾಸಗಿ ಎಂದು ಮೇಲೆ ಬರೆದು ಕಳಿಸಿದ ಪತ್ರದಲ್ಲಿ ಆ ವರ್ಷದ ಯುದ್ಧವೆಲ್ಲ ಅಡಗಿದೆ: ಎಲ್ಲ ಸೈನ್ಯಗಳೂ ಒಂದೇ ಹೊತ್ತಿಗೆ ಹೊರಡಬೇಕು, ನಿಮ್ಮ ಪಾಲಿನ ಕೆಲಸ ಜಾನ್‌ಸ್ಟನ್‌ನ ಸೈನ್ಯವನ್ನು ಮುರಿದು ಶತ್ರುವಿನ ಒಳನಾಡಿಗೆ ಹೋಗುವುದು. ಹೇಗೆ ಹೋಗಬೇಕೆಂದು ನಾನು ಹೇಳುವುದಿಲ್ಲ. ಆಗಬೇಕಾದ ಕೆಲಸ ಹೇಳಿದ್ದೇನೆ, ಮಾಡುವ ದಾರಿ ನಿಮ್ಮದು. ಮೇಲಿನವರ ಪತ್ರವೆಂದರೆ ಕಂಡಿಕೆ, ಉಪಕಂಡಿಕೆ, ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದೇ ತಿಳಿದು ಬೆಳೆದ ನಮಗೆ ಇದು ಬೇರೆ ಲೋಕದ ಸುತ್ತೋಲೆ.

ಮೇ ಮೊದಲ ವಾರ ಇಬ್ಬರೂ ಹೊರಟರು. ಗ್ರಾಂಟ್ ಸಾವಿರಾರು ಜನರನ್ನು ಕಳೆದುಕೊಂಡು ಕೊನೆಗೆ ಪೀಟರ್ಸ್‌ಬರ್ಗ್ ಮುಂದೆ ಕಂದಕ ತೋಡಿ ಕುಳಿತ. ಶರ್ಮನ್ ರೈಲುಹಳಿ ಹಿಡಿದು ಅಟ್ಲಾಂಟಾದ ಕಡೆ ಸರಿದ. ಜುಲೈ 22ರಂದು ಅಟ್ಲಾಂಟಾದ ಹೊರಗೆ ಮ್ಯಾಕ್‌ಫರ್ಸನ್ ಗುಂಡಿಗೆ ಬಲಿಯಾದ. ಆ ವರ್ಷ ಮದುವೆಗೆ ರಜೆ ಕೇಳಿದ್ದ ಅವನನ್ನು, ಕೆಲಸ ಬಹಳವಿದೆ ಎಂದು ಶರ್ಮನ್‌ನೇ ತಡೆದಿದ್ದ. ಬಾಲ್ಟಿಮೋರ್‌ನಲ್ಲಿದ್ದ ಆ ಹುಡುಗಿಗೆ ಶರ್ಮನ್ ಬರೆಯಬೇಕಾಯಿತು. ಒಹಾಯೋದಲ್ಲಿದ್ದ ಅಜ್ಜಿಗೆ ಗ್ರಾಂಟ್ ಬರೆದ. ಮಾರ್ಚಿನ ಆ ಧನ್ಯವಾದದ ಪತ್ರ ಸೇರಬೇಕಾಗಿದ್ದ ಇಬ್ಬರಲ್ಲಿ ಒಬ್ಬ ಹೋಗಿಬಿಟ್ಟಿದ್ದ.

ಸೆಪ್ಟೆಂಬರ್ 2ರಂದು ಅಟ್ಲಾಂಟಾ ಬಿತ್ತು. ಗ್ರಾಂಟ್ ಆಗ ಪೀಟರ್ಸ್‌ಬರ್ಗ್ ಹತ್ತಿರದ ಸಿಟಿ ಪಾಯಿಂಟ್‌ನಲ್ಲಿ, ತನ್ನ ಕೆಲಸ ಮುಗಿಯದೆ, ಗೆಲುವು ಕಾಣದೆ ಕುಳಿತಿದ್ದ. ಗೆಳೆಯ ಗೆದ್ದು ತಾನು ಗೆಲ್ಲದಿರುವ ಹೊತ್ತು ಸ್ನೇಹಕ್ಕೆ ಬಲು ಕಷ್ಟದ ಹೊತ್ತು. ಅವನು ಕಳಿಸಿದ ತಂತಿ ಹೀಗಿತ್ತು: ನಿಮ್ಮ ವಿಜಯದ ಗೌರವಕ್ಕೆ ಶತ್ರುವಿನ ಕಡೆ ಮುಖ ಮಾಡಿರುವ ಪ್ರತಿಯೊಂದು ತೋಪಿನಿಂದಲೂ ಕುಶಾಲುತೋಪು ಹಾರಿಸಲು ಹೇಳಿದ್ದೇನೆ, ಗುಂಡು ತುಂಬಿಯೇ ಹಾರಿಸುತ್ತಾರೆ. ಸಂಭ್ರಮದ ತೋಪಿಗೆ ಬರೀ ಮದ್ದು ಹಾಕುವುದು ವಾಡಿಕೆ. ಸಂಭ್ರಮವನ್ನೂ ಕೆಲಸವನ್ನೂ ಒಂದೇ ಖರ್ಚಿನಲ್ಲಿ ಮುಗಿಸಿದ ಇವನ ಮಿತವ್ಯಯಕ್ಕೆ ನಗು ಬರುತ್ತದೆ. ಆ ಗುಂಡುಗಳು ಎಲ್ಲಿ ಬಿದ್ದವೆಂದು ಯೋಚಿಸಿದರೆ ನಗು ನಿಲ್ಲುತ್ತದೆ.

ಹತ್ತು ದಿನದ ಮೇಲೆ ಹೊರೇಸ್ ಪೋರ್ಟರ್ ಎಂಬ ಅಧಿಕಾರಿಯ ಕೈಯಲ್ಲಿ ಇನ್ನೊಂದು ಪತ್ರ. ಪೋರ್ಟರ್ ಅಟ್ಲಾಂಟಾ ತಲುಪಿದಾಗ ವಿಜಯಿ ಸೇನಾಪತಿ ಜಗಲಿಯಲ್ಲಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಿಕೊಂಡು, ಕೋಟಿನ ಗುಂಡಿ ಬಿಚ್ಚಿ, ಹಿಮ್ಮಡಿ ಸವೆದ ಚಪ್ಪಲಿ ಮೆಟ್ಟಿಕೊಂಡು ಪತ್ರಿಕೆ ಓದುತ್ತಿದ್ದನಂತೆ. ಗ್ರಾಂಟ್ ಬರೆದಿದ್ದ: ಈ ಯುದ್ಧದಲ್ಲಿ ಯಾವ ಸೇನಾಪತಿಗೂ ಒಪ್ಪಿಸಿರದಂಥ ಮಹತ್ಕಾರ್ಯವನ್ನು ಮಾಡಿದ್ದೀರಿ, ಬದುಕಿರುವ ಯಾರ ಬಗ್ಗೆ ಬರೆಯುವುದಕ್ಕೂ, ನನ್ನನ್ನೂ ಸೇರಿಸಿಕೊಂಡು, ನನಗೆ ಇದಕ್ಕಿಂತ ಹೆಚ್ಚು ಸಂತೋಷವಾಗುತ್ತಿರಲಿಲ್ಲ. ಶರ್ಮನ್ ಸೆಪ್ಟೆಂಬರ್ 20ರಂದು ಮುಂದಿನ ಯೋಜನೆಯನ್ನೆಲ್ಲ ವಿವರಿಸಿ ಕೊನೆಗೆ ತುಂಟತನದ ಒಂದು ಸಾಲು ಸೇರಿಸಿದ: ನೀವು ಲೀಯನ್ನು ಬಡಿದು, ನಾನು ಅಟ್ಲಾಂಟಿಕ್ ತನಕ ನಡೆದರೆ, ಮಕ್ಕಳುಮರಿ ನೋಡಿಕೊಂಡು ಬರಲು ಏಬ್ ಮಾವ ನಮಗೆ ಇಪ್ಪತ್ತು ದಿನ ರಜೆ ಕೊಟ್ಟಾನು. ಏಬ್ ಮಾವ ಎಂದರೆ ಅಧ್ಯಕ್ಷ ಅಬ್ರಹಾಂ ಲಿಂಕನ್. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಇದೇ ಶರ್ಮನ್‌ನ ಒಂಬತ್ತು ವರ್ಷದ ಮಗ ವಿಲ್ಲಿ, ಅಪ್ಪನ ಪಾಳೆಯ ನೋಡಲು ಬಂದವನು, ವಿಷಮಜ್ವರದಿಂದ ತೀರಿಕೊಂಡಿದ್ದ. ಅದು ಗೊತ್ತಿದ್ದು ಓದಿದರೆ ಆ ರಜೆಯ ತಮಾಷೆ ಬರೀ ತಮಾಷೆಯಾಗಿ ಉಳಿಯುವುದಿಲ್ಲ.

ಈ ಪತ್ರಗಳ ಸೊಗಸಿನಲ್ಲಿ ಮೈಮರೆತರೆ ತಪ್ಪಾಗುತ್ತದೆ. ಇದೇ ಸ್ನೇಹದ ಧಾಟಿಯಲ್ಲಿ, ಅಕ್ಟೋಬರ್ 9ರಂದು ಶರ್ಮನ್, ರೈಲುಹಳಿ ಕಾಯುತ್ತ ಕೂರುವುದು ವ್ಯರ್ಥ, ಸಮುದ್ರದವರೆಗೆ ನಡೆದು ಜಾರ್ಜಿಯಾ ಊಳಿಡುವಂತೆ ಮಾಡಬಲ್ಲೆ ಎಂದು ತಂತಿ ಕಳಿಸಿದ. ನವೆಂಬರ್ 2ರಂದು ಗ್ರಾಂಟ್ ಹೊರಡಿ ಎಂದ. ಅರವತ್ತು ಸಾವಿರ ಜನ ದಾರಿಯುದ್ದಕ್ಕೂ ಹಳಿ ಕಿತ್ತರು, ಕಣಜ ಬರಿದುಮಾಡಿದರು, ಹಂದಿ ಕೋಳಿ ಕುದುರೆ ಎಳೆದೊಯ್ದರು. ಗುಲಾಮರ ಬಿಡುಗಡೆಯೂ ಆ ದಾರಿಯಲ್ಲೇ ಬಂತು ನಿಜ. ಆದರೆ ಸುಗ್ಗಿಯ ಜೋಳವನ್ನು ಕಳೆದುಕೊಂಡು ಚಳಿಗಾಲಕ್ಕೆ ಕಾಲಿಟ್ಟ ಹೆಂಗಸಿಗೆ ಆ ಇಬ್ಬರ ಅನ್ಯೋನ್ಯದಿಂದ ಏನು ಸುಖ? ಸೇನಾಪತಿಗಳ ನಡುವೆ ವಿಶ್ವಾಸ ಗಟ್ಟಿಯಾದಷ್ಟೂ ಶತ್ರುದೇಶದ ಅಡಿಗೆಮನೆಗೆ ಗಂಡಾಂತರ. ಈ ಪತ್ರಗಳನ್ನು ಮೆಚ್ಚುವಾಗಲೆಲ್ಲ ಈ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ.

ಹೊರಡುವ ಮುನ್ನ ತಂತಿ ಕಡಿಸಿದ್ದರಿಂದ ಸುಮಾರು ಒಂದು ತಿಂಗಳು ಶರ್ಮನ್‌ನ ಸುದ್ದಿಯೇ ಇಲ್ಲ. ಉತ್ತರದವರು ದಕ್ಷಿಣದ ಪತ್ರಿಕೆಗಳನ್ನು ಓದಿ ಅವನು ಎಲ್ಲಿರಬಹುದೆಂದು ಊಹಿಸುವ ಸ್ಥಿತಿ. ಡಿಸೆಂಬರ್ 3ರಂದು, ವಿಳಾಸವೇ ಗೊತ್ತಿಲ್ಲದ ಗೆಳೆಯನಿಗೆ ಗ್ರಾಂಟ್ ಪತ್ರ ಬರೆದು ಸಮುದ್ರದ ಕಡೆ ಕಳಿಸಿದ: ಗೆಲುವು ಕೈಗೂಡುವ ಮುಂಚೆ ಹಿಗ್ಗುವುದು ನನಗೆ ಸರಿಬೀಳದು, ಅದಕ್ಕೇ ಅಭಿನಂದನೆ ಹೇಳುತ್ತಿಲ್ಲ; ಆದರೆ ಫಲದ ಬಗ್ಗೆ ಒಮ್ಮೆಯೂ ಭಯಪಟ್ಟಿಲ್ಲ. ಅತ್ತ ಕಡಲು ಸಮೀಪಿಸಿದ ಶರ್ಮನ್, ಡಂಕನ್ ಎಂಬ ಕ್ಯಾಪ್ಟನ್‌ನನ್ನೂ ಇಬ್ಬರು ಬೇಹಿನವರನ್ನೂ ರಾತ್ರಿಯಲ್ಲಿ ಪುಟ್ಟ ದೋಣಿಯೊಂದರಲ್ಲಿ ಕೂರಿಸಿ, ಶತ್ರುವಿನ ಕೋಟೆಯ ಬುಡದಲ್ಲೇ ಒಗೀಚಿ ನದಿಯ ಹರಿವಿಗೆ ಬಿಟ್ಟ. ಅವರು ಹೊರಗೆ ಕಾದಿದ್ದ ನೌಕಾಪಡೆಯನ್ನು ಮುಟ್ಟಿ ಸುದ್ದಿ ತಲುಪಿಸಿದರು.

ಟಪಾಲು ಮತ್ತೆ ಕೂಡಿಕೊಂಡ ಕೂಡಲೇ ಮೊದಲ ಇರಿಸುಮುರಿಸು ಬಂತು. ಸೈನ್ಯವನ್ನು ಹಡಗಿನಲ್ಲಿ ವರ್ಜೀನಿಯಾಕ್ಕೆ ತನ್ನಿ ಎಂದು ಡಿಸೆಂಬರ್ 6ರ ಗ್ರಾಂಟ್‌ನ ಆಜ್ಞೆ. 21ಕ್ಕೆ ಬಿದ್ದ ಸವಾನಾ ನಗರ ಆಗ ಇನ್ನೇನು ಕೈಗೆ ಬರುವಂತಿತ್ತು. ಶರ್ಮನ್‌ಗೆ ಹೊಟ್ಟೆಯುರಿದರೂ, ಬರುತ್ತೇನೆ ಎಂದೇ ಬರೆದ. ಜೊತೆಗೆ ತನ್ನ ಮನಸ್ಸಿನಲ್ಲಿದ್ದುದನ್ನೂ ಬರೆದ. ಗ್ರಾಂಟ್ 18ರಂದು ಅಭಿನಂದಿಸಿ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದ. ಕೊನೆಗೆ ಹಡಗಿನ ಮಾತು ಬಿಟ್ಟು, ನೆಲದ ಮೇಲೆ ಉತ್ತರಕ್ಕೆ ನಡೆದೇ ಬರಲು ಒಪ್ಪಿದ. ಒಬ್ಬ ಆಜ್ಞೆಗೆ ತಲೆಬಾಗಿದ್ದ, ಇನ್ನೊಬ್ಬ ಆಜ್ಞೆಯನ್ನೇ ಬಾಗಿಸಿದ.

ಶರ್ಮನ್‌ನ ಹೆಸರು ಮನೆಮಾತಾದಾಗ, ಅವನನ್ನೂ ಲೆಫ್ಟಿನೆಂಟ್ ಜನರಲ್ ಮಾಡಬೇಕೆಂಬ ಮಾತು ಸಂಸತ್ತಿನಲ್ಲಿ ಹುಟ್ಟಿತು. ನಮ್ಮಿಬ್ಬರಲ್ಲಿ ಪೈಪೋಟಿ ಹುಟ್ಟಿಸುವ ದರ್ಜೆ ನನಗೆ ಬೇಡ ಎಂದು ಶರ್ಮನ್ 1865ರ ಜನವರಿಯಲ್ಲಿ ಬರೆದ. ಫೆಬ್ರವರಿ 1ರಂದು ಗ್ರಾಂಟ್‌ನ ಉತ್ತರ: ನಿಮಗೆ ಬಡ್ತಿ ಬಂದರೆ ನನಗಿಂತ ಹಿಗ್ಗುವವರಿಲ್ಲ. ನಿಮ್ಮನ್ನು ನನ್ನ ಜಾಗದಲ್ಲಿಟ್ಟು ನನ್ನನ್ನು ಕೆಳಗೆ ಹಾಕಿದರೂ ನಮ್ಮ ಸಂಬಂಧ ಸ್ವಲ್ಪವೂ ಬದಲಾಗದು. ನೀವು ನನಗೆ ಒತ್ತಾಸೆಯಾಗಿ ನಿಂತಂತೆ ನಾನು ನಿಮಗೆ ನಿಲ್ಲುತ್ತೇನೆ. ಡೊನೆಲ್ಸನ್ನಿನ ದೋಣಿಗಳಲ್ಲಿ ಬಂದ ಚೀಟಿಗಳಿಗೆ ಮೂರು ವರ್ಷದ ಮೇಲೆ ಬಂದ ಪ್ರತ್ಯುತ್ತರವಿದು.

ಯುದ್ಧ ಮುಗಿಯಿತು. 1869ರಲ್ಲಿ ಗ್ರಾಂಟ್ ಅಧ್ಯಕ್ಷನಾದ, ಶರ್ಮನ್ ಇಡೀ ಸೈನ್ಯಕ್ಕೆ ಜನರಲ್ ಆದ. ಇಬ್ಬರೂ ಈಗ ಒಂದೇ ಊರಿನಲ್ಲಿ: ಶರ್ಮನ್ ಅಷ್ಟು ಅಂಗಲಾಚಿ ನಿಲ್ಲಬೇಡಿ ಎಂದಿದ್ದ ಅದೇ ವಾಷಿಂಗ್ಟನ್‌ನಲ್ಲಿ. ಗ್ರಾಂಟ್ ಬಿಟ್ಟ ಮನೆಯನ್ನೇ ನ್ಯೂಯಾರ್ಕಿನ ಶ್ರೀಮಂತರು ಚಂದಾ ಎತ್ತಿ ಶರ್ಮನ್‌ಗೆ ಕೊಡಿಸಿದರು. ಸೈನ್ಯದ ಎಲ್ಲ ಇಲಾಖೆಗಳೂ ಶರ್ಮನ್‌ನ ಮೂಲಕವೇ ನಡೆಯಬೇಕೆಂದು ಮಾರ್ಚಿನ ಆರಂಭದಲ್ಲಿ ಹೊರಟ ಆಜ್ಞೆ, ಹೊಸ ಯುದ್ಧಮಂತ್ರಿ ರಾಲಿನ್ಸ್‌ಗೆ ಒಪ್ಪದೆ, ಅದೇ ತಿಂಗಳಲ್ಲಿ ರದ್ದಾಯಿತು. ಆಮೇಲೆ ಬಂದ ಮಂತ್ರಿ ಬೆಲ್ಕ್‌ನ್ಯಾಪ್ ಶರ್ಮನ್‌ನನ್ನು ಕೇಳದೆಯೇ ಎಲ್ಲ ನಡೆಸಿದ. ಶರ್ಮನ್ ದೂರು ಬರೆದ, ಸಮಾಧಾನ ಸಿಗಲಿಲ್ಲ. 1874ರಲ್ಲಿ ಅವನು ಬೇಸತ್ತು ತನ್ನ ಮುಖ್ಯ ಕಚೇರಿಯನ್ನೇ ಸೇಂಟ್ ಲೂಯಿಸ್‌ಗೆ ಎತ್ತಿಕೊಂಡು ಹೋದ. ನಾಲ್ಕು ವರ್ಷದ ಗುಂಡಿನ ಮಳೆ ಅಲುಗಿಸಲಾರದ ಸ್ನೇಹವನ್ನು ಕಡತದ ದಾರಿ ಯಾವ ಮೇಜಿನ ಮೇಲೆ ಹಾದುಹೋಗಬೇಕೆಂಬ ಪ್ರಶ್ನೆ ತಣ್ಣಗಾಗಿಸಿತು. ಮುಂದೆ ಗಂಟಲಿನ ಕ್ಯಾನ್ಸರಿನಿಂದ ನರಳುತ್ತ 1885ರಲ್ಲಿ ಆತ್ಮಕಥೆ ಬರೆದು ಮುಗಿಸಿದ ಗ್ರಾಂಟ್, ಸಮುದ್ರದವರೆಗಿನ ಆ ನಡಿಗೆಯ ಯೋಜನೆ ಶರ್ಮನ್‌ನದೇ, ಕೀರ್ತಿಯೂ ಅವನದೇ ಎಂದು ಸ್ಪಷ್ಟವಾಗಿ ಬರೆದಿಟ್ಟ. ಅಂದರೆ ಒಳಗಿನ ಬಿಸುಪು ಆರಿರಲಿಲ್ಲ. ಹೇಳುವ ರೂಢಿ ತಪ್ಪಿಹೋಗಿತ್ತು.

ದೂರವಿದ್ದದ್ದಕ್ಕೇ ಇವರು ಸ್ನೇಹಿತರಾಗಿದ್ದರು, ದೂರದ ಬೆಟ್ಟ ನುಣ್ಣಗೆ ಎಂದು ಕೆಲವರು ಹೇಳಬಹುದು. ಎರಡು ವರ್ಷ ಒಂದೇ ಪಾಳೆಯದ ಕೆಸರಿನಲ್ಲಿ ಉರುಳಿದವರಿಗೆ ಬೆಟ್ಟದ ಕಲ್ಲುಮುಳ್ಳು ಗೊತ್ತಿರಲಿಲ್ಲವೇ? ನನಗೆ ತೋರುವುದು ಬೇರೆ. ದೂರವಿದ್ದಾಗ ಹೇಳಲೇಬೇಕು, ಹೇಳದಿದ್ದರೆ ಆ ಕಡೆಯವನಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ‘ನಿನ್ನ ಋಣ ನನ್ನ ಮೇಲಿದೆ’ ಎಂಬುದೂ, ‘ನಿನಗೆ ಓದು ಸಾಲದೆಂದಿದ್ದೆ’ ಎಂಬುದೂ ಕಾಗದಕ್ಕೆ ಇಳಿಯುತ್ತವೆ. ಹತ್ತಿರ ಬಂದ ಮೇಲೆ, ಅವನಿಗೆ ಗೊತ್ತೇ ಇದೆಯಲ್ಲ ಎಂದು ಬಿಟ್ಟುಬಿಡುತ್ತೇವೆ. ನನ್ನ ಗೆಳೆಯನೊಬ್ಬ ಧಾರವಾಡದಲ್ಲಿದ್ದಷ್ಟು ಕಾಲ ಇನ್‌ಲ್ಯಾಂಡ್ ಪತ್ರದ ಮಡಿಕೆಯ ಅಂಚಿನಲ್ಲೂ ಜಾಗ ಬಿಡದೆ ಬರೆಯುತ್ತಿದ್ದ. ನನ್ನ ಬರವಣಿಗೆಯ ಬಗ್ಗೆ ಅವನು ಬೈದದ್ದೆಲ್ಲ ಅವುಗಳಲ್ಲೇ ಇದೆ, ಹೊಗಳಿದ್ದೂ ಅಲ್ಲೇ. ಈಗ ನಮ್ಮ ಬೀದಿಯ ಮುಂದಿನ ತಿರುವಿನಲ್ಲೇ ಮನೆ ಮಾಡಿದ್ದಾನೆ. ತರಕಾರಿ ಅಂಗಡಿಯ ಮುಂದೆ ಸಿಕ್ಕಾಗ ಬೀನ್ಸಿನ ರೇಟು ಮಾತಾಡುತ್ತೇವೆ.

ಗೆಳೆಯರು ಒಂದೇ ಊರಿನಲ್ಲಿದ್ದರೆ ಪತ್ರ ಬರೆದುಕೊಳ್ಳಬಾರದೆಂದು ಯಾವ ಕಾನೂನೂ ಇಲ್ಲ. ಗ್ರಾಂಟ್‌ನ ಅಧ್ಯಕ್ಷಭವನದಿಂದ ಶರ್ಮನ್‌ನ ಮನೆಗೆ ಒಬ್ಬ ಜವಾನ ನಡೆದೇ ಹೋಗಬಹುದಾಗಿತ್ತು. ಆಜ್ಞೆ ರದ್ದಾದ ಆ ಸಂಜೆ, ನಾನು ಬರೆಯಲು ಹೊರಟದ್ದು ಆಜ್ಞೆಯ ವಿಷಯವನ್ನಲ್ಲ ಎಂದು ನಾಲ್ಕು ಸಾಲು ಗೀಚಿ ಅವನ ಕೈಯಲ್ಲಿ ಕಳಿಸಿದ್ದರೆ ಅಂಚೆಚೀಟಿಯ ಖರ್ಚೂ ಬರುತ್ತಿರಲಿಲ್ಲ.